ಒಗೆಯುವ ಕಲ್ಲಿನ ಇಳಿಜಾರು

ಹಡಪಸರದಾಚೆ ನಾವು ಬಾಡಿಗೆಗಿದ್ದ ಮನೆಯ ಹಿಂದೆ ಒಂದು ಹಳ್ಳವಿತ್ತು. ಈಗಲೂ ಇದೆ, ಆದರೆ ಅದೇ ಹಳ್ಳವೆಂದು ನಾನು ಒಪ್ಪುವುದಿಲ್ಲ. ಆಗ ಬೇಸಿಗೆಯಲ್ಲಿ ಬತ್ತುತ್ತಿತ್ತು. ಉಳಿದ ಕೆಸರಿನಲ್ಲಿ ಎಮ್ಮೆಗಳು ಮಲಗುತ್ತಿದ್ದವು. ಈಗ ಮೇ ತಿಂಗಳಲ್ಲೂ ಹರಿಯುತ್ತದೆ. ಮೇಲಿನ ಅಪಾರ್ಟ್‌ಮೆಂಟ್ ಸೊಸೈಟಿಗಳ ಬಚ್ಚಲ ನೀರು.

ಆ ಮನೆ ಬಿದ್ದುಹೋಗಿದೆ. ಜಾಗವನ್ನು ಅಣ್ಣ ಕೊಂಡಿದ್ದಾನೆ. ಅಲ್ಲಿ ಮನೆ ಕಟ್ಟಿ, ಮೆಟ್ಟಿಲು ಹತ್ತಲಾಗದ ಅವ್ವನಿಗೆ ಕೆಳಗೊಂದು ಕೋಣೆ ಕೊಡಬೇಕೆಂದು ಹಳ್ಳದ ಕಡೆ ಸುಣ್ಣದ ಗೆರೆ ಎಳೆಸಿದ. ಮಳೆಗಾಲದ ನೀರು ಆ ಗೆರೆಯವರೆಗೆ ಬರುತ್ತದೆಯೇ ಎಂದು ಕೇಳಿದೆ.

ಅಣ್ಣ ಹಳ್ಳದ ದಂಡೆಯಲ್ಲಿದ್ದ ಬಟ್ಟೆ ಒಗೆಯುವ ಕಲ್ಲನ್ನು ತೋರಿಸಿದ. ಹೊಸ ನೀರು ಬಂದಾಗ ಅವ್ವ ಹಳ್ಳಕ್ಕೆ ಉಡಿ ತುಂಬುತ್ತಿದ್ದಳು: ಕುಬುಸದ ಖಣ, ಅಕ್ಕಿ, ಅಡಿಕೆ, ಅರಿಷಿಣ ಕುಂಕುಮ, ಎಲ್ಲವೂ ನೀರಿನ ಅಂಚಿನಲ್ಲಿ. ಪ್ರತಿ ವರ್ಷವೂ ಈ ಕಲ್ಲಿನ ಮೇಲೇ ಎಂದು ಅವನ ನೆನಪು. ಕಲ್ಲು ಗೆರೆಗಿಂತ ಎಷ್ಟೋ ಕೆಳಗಿತ್ತು. ನನ್ನ ನೆನಪೂ ಅದೇ. ಅನುಮಾನ ಬಂದದ್ದು ಅಲ್ಲಿಯೇ. ಅವನು ಹೇಳಿದ್ದನ್ನೇ ನಾನು ಕಂಡದ್ದೆಂದುಕೊಂಡಿರಬಹುದು.

ಇಳಿದು ನೋಡಿದೆ. ಸಬಕಾರದ ನೊರೆ ಇಳಿದುಹೋಗಲು ಒಗೆಯುವ ಕಲ್ಲು ನೀರಿನ ಕಡೆಗೆ ಇಳಿಜಾರಿರಬೇಕು. ಇದು ದಂಡೆಯ ಕಡೆಗೆ ವಾಲಿತ್ತು.

“ಇದನ್ನ ಯಾರೋ ಸರಿಸ್ಯಾರ,” ಎಂದೆ.

“ಇಷ್ಟ ದೊಡ್ಡ ಕಲ್ಲ ಯಾರ ಸರಸ್ತಾರೋ ಮಾರಾಯಾ? ಮಳಿ ನೀರಿಗೆ ಉರುಳಿರಬೇಕು.”

ಹೇಳಿದವನೇ ಕಲ್ಲಿನಿಂದ ಸುಣ್ಣದ ಗೆರೆಯ ಕಡೆ ತಿರುಗಿ ನೋಡಿದ. ಅದನ್ನು ಉರುಳಿಸುವ ನೀರು ಅದರ ಬುಡದಲ್ಲೇ ನಿಲ್ಲುವುದಿಲ್ಲ.

ಮರುದಿನ ಅವ್ವನನ್ನು ಅವಳು ಈಗಿರುವ ಭೋಸರಿಯಿಂದ ಕರೆತಂದೆವು. ಅವಳು ಕಲ್ಲಿನ ಕಡೆ ನೋಡಲೇ ಇಲ್ಲ. ಸುಣ್ಣದ ಗೆರೆ ದಾಟಿ ಮೇಲೆ ಹೋಗಿ, ಹುಲ್ಲಿನಲ್ಲಿ ಕಾಲಾಡಿಸಿ ಹಳೆಯ ಮನೆಯ ಹಿಂಬಾಗಿಲ ಹೊಸ್ತಿಲನ್ನು ಹುಡುಕಿದಳು.

“ಒಂದ ವರ್ಷ ನೀರ ಇಲ್ಲೀತನಕಾ ಬಂದು ಕೆಳಗ ಇಳೀಲಿಕ್ಕೇ ಆಗಲಿಲ್ಲ. ಇಲ್ಲೇ ಹೊಸ್ತಿಲದಾಗ ನಿಂತು ಉಡಿ ತುಂಬೀನಿ. ನೀವಿಬ್ರೂ ಕಾಟಿನ ಮ್ಯಾಲೆ ಕುಂತು ಭಜಿ ಬೇಡ್ತಿದ್ರಿ.”

ಭಜಿ ನನಗೆ ನೆನಪಿದೆ. ನೀರು ನೆನಪಿಲ್ಲ.

ಭೋಸರಿಯ ಓಣಿ, ಅಲ್ಲಿನ ಗೆಳತಿಯರನ್ನು ಬಿಟ್ಟು ಬರಲು ಅವ್ವನಿಗೆ ಮನಸ್ಸಿಲ್ಲವೆಂದು ನನಗೆ ಗೊತ್ತಿತ್ತು. ಆ ವರ್ಷದ ಕಥೆಯನ್ನು ಅವಳು ಅಲ್ಲೇ ನಿಂತು ಕಟ್ಟಿದಳೋ ಏನೋ. ಹೊಸ್ತಿಲ ಕಲ್ಲಿನ ಮೇಲೆ ಕುಂಕುಮದ ಕಲೆ ಹುಡುಕಿದೆ, ಇರಲಿಲ್ಲ. ಇದ್ದರೂ ಹೊಸ್ತಿಲಿಗೆ ಕುಂಕುಮ ದಿನವೂ ಬೀಳುತ್ತಿತ್ತು.

ಅಣ್ಣ ಚಪ್ಪಲಿಯಿಂದ ಸುಣ್ಣದ ಗೆರೆ ಅಳಿಸತೊಡಗಿದ. ಹೊಸ್ತಿಲಿನಿಂದ ರಸ್ತೆಯವರೆಗೆ ಉಳಿದ ಜಾಗದಲ್ಲಿ ಹೊಸ ಮನೆಯ ಜೊತೆ ಅವ್ವನ ಕೋಣೆ ಹಿಡಿಸುವುದಿಲ್ಲ. ಅವ್ವ ಸೆರಗು ಕೊಡವಿಕೊಂಡು ಭೋಸರಿಯ ಬಸ್ಸಿಗೆ ಹೊತ್ತಾಯಿತೆಂದಳು.