ಗೌರಿಯ ಅಚ್ಚಿನಲ್ಲಿ ಉಪ್ಪು

ಹತ್ತನೇ ಇಯತ್ತೆಯ ಮಗಳಿಗೆ ವಿಜ್ಞಾನ ಹೇಳಿಕೊಡಲು ಮನೆಯಲ್ಲೇ ಒಬ್ಬಳು ಸಿಕ್ಕಳೆಂದು ಬೈಲಹೊಂಗಲದ ನಮ್ಮ ಓಣಿಯವರೆಲ್ಲ ನನ್ನನ್ನು ಪುಣ್ಯವಂತೆ ಅಂದರು. ದೇವರ ಜಗಲಿಯ ಮುಂದೆ ಕುಳಿತಾಗ ನಾನೂ ಹಾಗೇ ಅಂದೆ. ಗ್ಯಾಸ್ ತೀರುವ ದಿನ ಅಡುಗೆ ಮುಗಿದಿರುತ್ತದೆ, ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ಒಳಗೆ ಬಂದಿರುತ್ತಾರೆ. ಇಂಥ ಸಣ್ಣ ಸಣ್ಣ ದಯೆಗಳನ್ನು ನೆನೆದು ಕೈಮುಗಿಯುವುದು ನನ್ನ ರೂಢಿ. ಇದನ್ನೂ ಅವುಗಳ ಜೊತೆ ಸೇರಿಸಿಕೊಂಡೆ. ಆದರೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿದ್ದುದು ದೇವರಿಗೂ ಗೊತ್ತಿತ್ತು.

ಆ ಒಬ್ಬಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ರಾಮದುರ್ಗದ ಕಡೆ ಸಾಲಹಳ್ಳಿಯವಳು, ಬಿ.ಎಸ್ಸಿ. ಮುಗಿಸಿ ಬಂದವಳು. ನಾನು ಹೂಲಿಯಲ್ಲಿ ಏಳನೇ ಇಯತ್ತೆ ಕಲಿತು ಬಿಟ್ಟವಳು. ಸಂಜೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಮಾಳಿಗೆಯ ಮೇಲಿನ ಕೋಣೆಯಲ್ಲಿ ಅವರಿಬ್ಬರ ಪಾಠ ಶುರುವಾಗುತ್ತಿತ್ತು. ಪಾಠವಾದರೆ ಸುಮ್ಮನಿರಬಹುದಿತ್ತು; ಅಲ್ಲಿಂದ ನಗು ಕೇಳುತ್ತಿತ್ತು. ರಸಾಯನಶಾಸ್ತ್ರದಲ್ಲಿ ನಗುವಂಥದ್ದು ಏನಿರುತ್ತದೆ? ಒಂದೊಂದು ದಿನ ನನ್ನ ರೊಟ್ಟಿಗಳ ಅಂಚು ಹರಿಯುತ್ತಿತ್ತು.

ಮೊದಲು ನನ್ನ ಕೈಯಿಂದ ಹೋದದ್ದು ಮಗಳ ಜಡೆ. ಚಿಗವ್ವ, ಅಂದರೆ ಅವಳ ಚಿಕ್ಕಮ್ಮ, ಹೆಣೆದರೆ ಸಾಲಿ ಬಿಡುವ ತನಕ ಬಿಚ್ಚುವುದಿಲ್ಲವಂತೆ. ಆಮೇಲೆ ಊಟಕ್ಕೆ ಅವಳು ನನ್ನ ಪಕ್ಕ ಕೂಡುವುದು ಹೋಯಿತು. ಕೊನೆಗೆ ಮಾತು. ಏನು ಕೇಳಿದರೂ ಅವಳ ಉತ್ತರ "ಚಿಗವ್ವ ಹೇಳ್ಯಾಳ" ಎಂದೇ ಶುರುವಾಗುತ್ತಿತ್ತು.

ಒಂದು ದಿನ ಮಗಳು ಅಡುಗೆಮನೆಗೆ ಬಂದು ಕಾದ ಹಂಚಿನ ಒಂದು ಬದಿಗೆ ಸಕ್ಕರೆ, ಇನ್ನೊಂದು ಬದಿಗೆ ಉಪ್ಪು ಹಾಕಿದಳು. ಸಕ್ಕರೆ ನೋಡನೋಡುತ್ತ ಕರಗಿ ಕೆಂಪಗಾಯಿತು. ಉಪ್ಪು ಚಟಪಟ ಅಂದು ಹಾಗೇ ಉಳಿಯಿತು.

"ನೋಡವಾ, ಸಕ್ಕರಿ ಘನ ಇದ್ದದ್ದು ದ್ರವ ಆತು. ಉಪ್ಪು ನಮ್ಮ ಒಲಿಗೆ ಬಗ್ಗೂದಿಲ್ಲ. ಅದರಾಗ ಅಯಾನಿಕ ಬಂಧ ಐತಿ. ಸೋಡಿಯಂ ತನ್ನ ಒಂದು ಇಲೆಕ್ಟ್ರಾನ್ ಬಿಟ್ಟ ಕೊಡತೈತಿ, ಕ್ಲೋರಿನ್ ಇಸ್ಕೋತೈತಿ. ಆಮ್ಯಾಲ ಎರಡೂ ಗಟ್ಟಿ ಹಿಡಕೊಂಡು ಕುಂದರತಾವ."

"ಕೊಟ್ಟದ್ದು ಕೊಟ್ಟಾತಲ್ಲ. ಇನ್ನ ಅದರ ಬೆನ್ನ ಹತ್ತಿ ಯಾಕ ಕುಂದರಬೇಕು ಅದು?"

"ಕೊಟ್ಟದ್ದಕ್ಕನ ಅದು ಪ್ಲಸ್ ಆಗಿರತೈತಿ. ಇಸ್ಕೊಂಡದ್ದು ಮೈನಸ್. ಒಂದನ್ನೊಂದು ಎಳೀತಾವ. ಚಿಗವ್ವ ಹೇಳ್ಯಾಳ."

"ಚಿಗವ್ವ ಹಂಚು ತಿಕ್ಕೂದು ಹೇಳ್ಯಾಳೇನ? ಕೆಂಪ ಸಕ್ಕರಿ ಹಿಡಕೊಂಡ ಕುಂತೈತಿ ನೋಡು."

ಅವಳು ನಗುತ್ತ ಓಡಿದಳು. ಹಂಚು ನಾನೇ ತಿಕ್ಕಿದೆ. ಕೊಟ್ಟವರಿಗೆ ಎಳೆತ ಹೆಚ್ಚು ಎಂಬುದನ್ನು ನಾನು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಇಷ್ಟಾದರೂ ನನಗೊಂದು ಧೈರ್ಯವಿತ್ತು, ದೀಪಾವಳಿಯ ನಂತರ ಬರುವ ಗೌರಿ ಹುಣ್ಣಿಮೆ. ಅವತ್ತು ಸಂಜೆ ಹುಡುಗಿಯರು ಹೊಸ ಬಟ್ಟೆ ತೊಟ್ಟು, ತಟ್ಟೆಯಲ್ಲಿ ಸಕ್ಕರೆಯ ಗೊಂಬೆಗಳನ್ನು ಇಟ್ಟು ದೀಪ ಹಚ್ಚಿಕೊಂಡು ಗೌರಿಗೆ ಆರತಿ ಒಯ್ಯುತ್ತಾರೆ. ಈಗ ಎಲ್ಲರೂ ಪೇಟೆಯಿಂದ ತರುತ್ತಾರೆ. ನಮ್ಮ ಮನೆಯಲ್ಲಿ ಮಾತ್ರ ನನ್ನ ತವರಿನಿಂದ ಬಂದ ಕಟ್ಟಿಗೆಯ ಅಚ್ಚುಗಳಿವೆ. ಗಿಳಿ, ಬಸವಣ್ಣ, ನವಿಲು. ಒಂದೊಂದೂ ಎರಡು ಹೋಳು. ಹಿಂದಿನ ದಿನ ನಾನು ಒಲೆಯ ಮುಂದೆ ಕುಳಿತು ಪಾಕ ತೆಗೆಯಬೇಕು, ಮಗಳು ಎದುರಿಗೆ ಕುಳಿತು ಹೋಳುಗಳನ್ನು ಜೋಡಿಸಿ, ದಾರ ಸುತ್ತಿ ಹಿಡಿಯಬೇಕು. ಪಾಕ ಬೆಳ್ಳಗೆ ತಿರುಗುವ ಆ ಗಳಿಗೆಗೆ ಇಬ್ಬರ ಕೈಯೂ ಕೂಡಬೇಕು, ಒಬ್ಬರಿಂದ ಆಗುವ ಕೆಲಸವಲ್ಲ. ಅವಳು ದಾರದ ಗಂಟು ಹಾಕಲು ಕಲಿತ ವಯಸ್ಸಿನಿಂದ ಆ ಜಾಗ ಅವಳದೇ. ಮಾಳಿಗೆಯ ಮೇಲೆ ಯಾರಿದ್ದರೂ ಅವತ್ತು ನನ್ನ ಮಗಳು ನನ್ನ ಎದುರಿಗೆ ಇರುತ್ತಾಳೆ ಎಂದು ದೀಪಾವಳಿ ಮುಗಿದಾಗಿನಿಂದ ಕಾಯುತ್ತಿದ್ದೆ.

ಹುಣ್ಣಿಮೆ ಹತ್ತಿರ ಬಂದಾಗ ದೇವರ ಕೋಣೆಯ ಗೂಡಿನಿಂದ ಅಚ್ಚು ಇಳಿಸಿದೆ. ಗಿಳಿಯ ಗೆರೆಗಳಲ್ಲಿ ಬೆಳ್ಳಗೆ ಏನೋ ಕೂತಿತ್ತು. ಹೋದ ವರ್ಷದ ಸಕ್ಕರೆಯೇನೋ ಎಂದು ಬೆರಳಿನಿಂದ ತಿಕ್ಕಿದರೆ ಕಟ್ಟಿಗೆಯೇ ಬೆವೆತಂತೆ ತೇವವಾಗಿತ್ತು. ಮಗಳನ್ನು ಕರೆದೆ.

"ಅದಾ? ಉಪ್ಪವಾ," ಅಂದಳು, ಏನೂ ಆಗದವಳಂತೆ. "ಸಾಲ್ಯಾಗ ವಿಜ್ಞಾನದ ಪ್ರದರ್ಶನ ಐತಲ್ಲ. ಸಕ್ಕರಿ ಗಿಳಿ, ಉಪ್ಪಿನ ಗಿಳಿ ಬಾಜೂಕ ಬಾಜೂಕ ಇಡೂಣು ಅಂತ. ಉಪ್ಪು ಕಾಸಿದ್ರ ಕರಗೂದಿಲ್ಲಲ್ಲ, ಹಸಿ ಮಾಡಿ ತುಂಬಿ ಒಂದ ದಿನ ಬಿಟ್ಟಿದ್ವಿ."

"ಯಾರ ಯಾರು?"

"ನಾ, ಮತ್ತ ಚಿಗವ್ವ."

ಉಪ್ಪು ಬಿದ್ದದ್ದು ಮುಸುರೆ, ದೇವರಿಗೆ ಸಲ್ಲದು ಎಂಬುದು ನಮ್ಮ ಮನೆಯ ಕಟ್ಟು. ಗೌರಿಯ ಸಕ್ಕರೆಗೆ ಉಪ್ಪು ಸೋಂಕಬಾರದು, ಅದಕ್ಕೇ ಆ ಅಚ್ಚುಗಳು ದೇವರ ಗೂಡಿನಲ್ಲಿ ಇರುವುದು. ನನಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಸಂತೋಷವೂ ಆಯಿತು, ಇರಲಿ, ಹೇಳಿಬಿಡುತ್ತೇನೆ: ಕಡೆಗೂ ಅವಳು ತಪ್ಪು ಮಾಡಿದಳು. ಅಚ್ಚು ಹಿಡಿದುಕೊಂಡು ನೆಟ್ಟಗೆ ಪಡಸಾಲೆಗೆ ನಡೆದೆ. ಅತ್ತೆಯವರು ಬತ್ತಿ ಹೊಸೆಯುತ್ತಿದ್ದರು, ನೆಗೆಣ್ಣಿ ಪಕ್ಕದಲ್ಲಿ ಹತ್ತಿ ಬಿಡಿಸಿ ಕೊಡುತ್ತಿದ್ದಳು.

"ನೋಡ್ರಿ ಅತ್ತಿ, ಗೌರವ್ವನ ಅಚ್ಚಿನ್ಯಾಗ ಉಪ್ಪ ತುಂಬ್ಯಾರ ಬಿ.ಎಸ್ಸಿ. ಮಂದಿ."

ನೆಗೆಣ್ಣಿಯ ಮುಖ ಇಳಿಯಿತು. "ಅಕ್ಕಾರ, ತಪ್ಪಾತ್ರಿ. ನನಗ ಖರೇನ ಗೊತ್ತಿರಲಿಲ್ರಿ. ನಮ್ಮ ತವರಮನ್ಯಾಗ ಸಕ್ಕರಿ ಆರತಿ ಪ್ಯಾಟಿಂದನ ತರತಿದ್ರು. ಆಟದ ಸಾಮಾನು ಅನಕೊಂಡೆ."

ಅತ್ತೆಯವರು ಕಣ್ಣು ಕಿರಿದು ಮಾಡಿ ಅಚ್ಚು ನೋಡಿದರು. "ಕಟ್ಟಗಿ ಕುಡದಬಿಟ್ಟೈತಿ. ಹೋಗಲಿ, ಈ ಸಲ ಪ್ಯಾಟಿಂದ ತಂದ್ರಾತು."

"ಹೂಂ, ಅದ ಚಲೋ," ಅಂದಳು ಮಗಳು.

ಅಚ್ಚು ಕೆಟ್ಟದ್ದಕ್ಕಿಂತ ಆ ಮಾತು ನನಗೆ ಹೆಚ್ಚು ನಾಟಿತು. ಪೇಟೆಯಿಂದ ತಂದರೆ ಪಾಕವಿಲ್ಲ, ದಾರವಿಲ್ಲ, ನನ್ನ ಎದುರಿನ ಜಾಗವೂ ಇಲ್ಲ. ನೆಗೆಣ್ಣಿಯ ಮೇಲೆ ಹಾಕಲು ಹೋದ ಕಲ್ಲು ನನ್ನ ಕಾಲ ಮೇಲೆಯೇ ಬಿದ್ದಿತ್ತು.

"ಪ್ಯಾಟೀದ ಬ್ಯಾಡ್ರಿ. ತೊಳದ್ರ ಹೋಗತೈತಿ," ಅಂದೆ, ಈಗಷ್ಟೇ ದೂರು ಹೇಳಿದ ಬಾಯಿಂದಲೇ.

"ಹೋಗೇತಂತ ಹೆಂಗ ತಿಳೀಬೇಕು? ಪಾಕಾ ನಾಲಿಗಿಗೆ ಹಚ್ಚಂಗಿಲ್ಲ. ದೇವರ ಅಚ್ಚಿನ ನೀರೂ ಎಂಜಲಾ ಮಾಡಂಗಿಲ್ಲ. ಗೌರವ್ವನ ಮುಂದ ಉಪ್ಪಿನ ಗಿಳಿ ಇಟ್ಟು ಕೈಮುಗಿತೀಯೇನ?" ಅಂದರು ಅತ್ತೆಯವರು.

ನೆಗೆಣ್ಣಿ ಮೆಲ್ಲಗೆ, ಮಗಳ ಕಡೆ ತಿರುಗಿ, "ನಿನ್ನ ಬಲ್ಬ್ ತಗೊಂಡ ಬಾ" ಅಂದಳು.

ಪ್ರದರ್ಶನಕ್ಕೆಂದು ಮಗಳು ಒಂದು ರಟ್ಟಿನ ಮೇಲೆ ಬ್ಯಾಟರಿ, ಎರಡು ತಂತಿ, ಒಂದು ಸಣ್ಣ ಎಲ್‌ಇಡಿ ಬಲ್ಬ್ ಕೂಡಿಸಿದ್ದಳು. ತಂತಿಯ ತುದಿಗಳನ್ನು ಉಪ್ಪಿನ ನೀರಿನಲ್ಲಿ ಅದ್ದಿದರೆ ಬಲ್ಬ್ ಬೆಳಗುತ್ತದೆ. ನೀರಿಗೆ ಬಿದ್ದೊಡನೆ ಉಪ್ಪಿನ ಆ ಕೊಟ್ಟದ್ದೂ ಇಸಿದುಕೊಂಡದ್ದೂ ಬಿಡಿ ಬಿಡಿಯಾಗಿ ಓಡಾಡುತ್ತ ಕರೆಂಟು ಒಯ್ಯುತ್ತವಂತೆ. ಸಕ್ಕರೆಯ ನೀರಿನಲ್ಲಿ ಹಾಗೆ ಒಯ್ಯುವವರು ಯಾರೂ ಇಲ್ಲ. ನೆಗೆಣ್ಣಿ ಅತ್ತೆಯವರಿಗೆ ಇದನ್ನು ಹೇಳಿದ ರೀತಿಗೆ ನನಗೂ ಒಂದೇ ಸಲಕ್ಕೆ ತಿಳಿಯಿತು. ಅವಳಿಗೆ ಕಲಿಸಲು ಬರದಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು.

ಅಚ್ಚುಗಳನ್ನು ನೀರಲ್ಲಿ ನೆನೆಹಾಕಿದೆವು. ಒಂದು ಲೋಟದಲ್ಲಿ ಬರೀ ನಳದ ನೀರು, ಇನ್ನೊಂದರಲ್ಲಿ ಅಚ್ಚು ನೆನೆದ ನೀರು. ನಳದ ನೀರಿನಲ್ಲಿ ಬಲ್ಬ್ ಇದೆಯೋ ಇಲ್ಲವೋ ಅನ್ನುವಂತೆ ಮಿಣುಕಿತು. ನಮ್ಮ ನೀರಿನಲ್ಲೂ ಲವಣ ಸ್ವಲ್ಪ ಇರುತ್ತದಂತೆ. ಅಚ್ಚಿನ ನೀರಿನಲ್ಲಿ ನಿಚ್ಚಳವಾಗಿ ಹತ್ತಿತು. ನೀರು ಚೆಲ್ಲಿ ಮತ್ತೆ ಹೊಸದು ಹಾಕಿ ಬಿಟ್ಟೆವು. ಹೋಗುತ್ತ ಬರುತ್ತ ನಾನು ಇಣುಕುತ್ತಿದ್ದೆ. ಬಲ್ಬ್ ಹತ್ತಿದರೆ ಅವಳ ತಪ್ಪು ದೊಡ್ಡದಾಗುತ್ತದೆ, ಆದರೆ ನನ್ನ ಮಗಳು ಒಲೆಯ ಮುಂದೆ ಬರುವುದಿಲ್ಲ. ಆರಿದರೆ ಮಗಳು ಬರುತ್ತಾಳೆ, ಆದರೆ ಅವಳನ್ನು ನನಗೆ ಕೊಟ್ಟವಳು ನೆಗೆಣ್ಣಿ ಆಗುತ್ತಾಳೆ. ಸವದತ್ತಿ ಗುಡ್ಡದ ಅವ್ವನಿಗೆ ಏನಂತ ಬೇಡಿಕೊಳ್ಳಬೇಕೋ ತಿಳಿಯದೆ, "ನಿನಗ ಬಿಟ್ಟದ್ದು ತಾಯಿ" ಅಂದುಬಿಟ್ಟೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಎರಡೂ ಲೋಟದ ಮಿಣುಕು ಒಂದೇ ಆಯಿತು. ಅತ್ತೆಯವರು ಚಸ್ಮಾ ಹಾಕಿಕೊಂಡು ಆ ಲೋಟ, ಈ ಲೋಟ ನೋಡಿದರು.

"ಯಾವುದು ಅಚ್ಚಿಂದು?"

"ನೀವ ಹೇಳ್ರಿ ಆಯಿ," ಅಂದಳು ಮಗಳು ಅಜ್ಜಿಗೆ.

"ನನಗೇನ ತಿಳೀತೈತಿ, ಎರಡೂ ಒಂದ ಕಾಣತಾವ."

"ಅಷ್ಟ ಬೇಕಾಗಿತ್ರಿ," ಅಂದಳು ನೆಗೆಣ್ಣಿ.

ಅತ್ತೆಯವರು ಅಚ್ಚಿನ ಮೇಲೆ ಚಿಟಿಕೆ ವಿಭೂತಿ ಉದುರಿಸಿ, ನಡೆಯುತ್ತದೆ ಅಂದರು.

ಒಲೆ ಹಚ್ಚಿದೆ. ಸಕ್ಕರೆ ಕುದಿಯುತ್ತಿದ್ದಂತೆ ಒಂದು ಚಮಚ ಹಾಲು ಬಿಟ್ಟು, ಮೇಲೆ ಬಂದ ಕೊಳೆ ತೆಗೆದು, ಬಟ್ಟೆಯಲ್ಲಿ ಸೋಸಿದೆ. ಅಷ್ಟರಲ್ಲಿ ಮಗಳು ಬಂದಳು, ಚಿಗವ್ವನ ಕೈ ಹಿಡಿದು ಎಳೆದುಕೊಂಡೇ. "ಚಿಗವ್ವ ಒಮ್ಮೆನೂ ನೋಡಿಲ್ಲಂತವಾ, ಇಲ್ಲೇ ಕುಂದರಲಿ." ನಾನು ಕಟ್ಟಿಗೆಯ ಸೌಟಿನಿಂದ ಪಾಕ ತಿರುವುತ್ತ, ಕುಂದರಲಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನೆಗೆಣ್ಣಿ ನನ್ನ ಮುಖ ನೋಡಿದಳು. ಕಲಿತವಳಲ್ಲವೇ, ಓದಿಕೊಂಡಿರಬೇಕು.

"ಮ್ಯಾಲ ಅರಬಿ ಒಣಗ್ಯಾವ್ರಿ ಅಕ್ಕಾರ, ತಗೊಂಡ ಬರತೇನಿ. ನೀವಿಬ್ರೂ ಮಾಡ್ರಿ," ಎಂದು ಮೆಟ್ಟಿಲು ಹತ್ತಿ ಹೋದಳು. ಅರಿವೆಗಳನ್ನು ನಾನು ಆಗಲೇ ತಂದು ಮಡಚಿ ಇಟ್ಟಿದ್ದೆ, ಅವಳೂ ನೋಡಿದ್ದಳು. ಹಾಗೆ ಬಿಟ್ಟುಕೊಟ್ಟು ಹೋಗುವುದು ನನಗೆ ಬರುತ್ತದೆಯೇ ಎಂದು ಯೋಚಿಸಿದೆ. ಅದಕ್ಕೂ ಹೊಟ್ಟೆ ಉರಿಯಿತು.

ಪಾಕ ಮಬ್ಬಾಗಿ ಬೆಳ್ಳಗೆ ತಿರುಗಿತು. "ಹಿಡಿ" ಅಂದೆ. ಮಗಳು ಗಿಳಿಯ ಎರಡು ಹೋಳು ಒತ್ತಿ ಹಿಡಿದಳು, ನಾನು ಹೊಯ್ದೆ. ಹಿಡಿದ ಕೈ ಅಲುಗಾಡಲಿಲ್ಲ, ಬಾಯಿ ಮಾತ್ರ ನಿಲ್ಲಲಿಲ್ಲ. ದ್ರವ ಈಗ ಘನ ಆಗಾಕ ಹತ್ತೈತಿ ನೋಡವಾ, ಒಳಗ ಹರಳು ಕಟ್ಟತಾವ, ಚಿಗವ್ವ ಕಾಲೇಜಿನ್ಯಾಗ ದೊಡ್ಡ ಹರಳು ಬೆಳಸಿದ್ದಳಂತ, ಚಿಗವ್ವಗ ಒಮ್ಮೆ ಆಸಿಡ್ ಸಿಡಿದು ದುಪಟ್ಟಾ ತೂತಾಗಿತ್ತಂತ, ಚಿಗವ್ವ ಅಂತಾಳ... ಬಸವಣ್ಣನಿಗೆ ಹೊಯ್ದೆ, ನವಿಲಿಗೆ ಹೊಯ್ದೆ, ಹೂಂ ಹೂಂ ಅನ್ನುತ್ತಿದ್ದೆ. ಮಾತೆಲ್ಲ ಚಿಗವ್ವನದೇ. ಆದರೆ ಕುಳಿತದ್ದು ನನ್ನ ಎದುರಿಗೆ, ಹೇಳುತ್ತಿದ್ದುದು ನನಗೆ.