ಗೋಡೆ ಕ್ಯಾಲೆಂಡರಿನ ನಕ್ಷತ್ರ

ಇಂದು ಕಟಪಾಡಿಯ ಅಂಗಡಿಯಲ್ಲಿ ಹೊಸ ಕ್ಯಾಲೆಂಡರ್ ಬಿಡಿಸಿದಾಗ ಬಂದ ಶಾಯಿಯ ವಾಸನೆ, ನಾನು ಶಾಲೆಗೆ ಹೋಗುತ್ತಿದ್ದ ದಿನಗಳಿಗೆ ಎಳೆದೊಯ್ದಿತು.

ದೊಡ್ಡಕ್ಕ ಹುಟ್ಟಿದಾಗ ಅಪ್ಪ ಗೋಡೆ ಕ್ಯಾಲೆಂಡರ್ ನೋಡಿ ಅವಳದು ಮೂಲಾ ನಕ್ಷತ್ರವೆಂದು ತೀರ್ಮಾನಿಸಿದ್ದರು. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಆಯುಸ್ಸಿಲ್ಲ ಎಂಬ ನಂಬಿಕೆ. ಹಾಗಾಗಿ ಯಾರೇ ಸಂಬಂಧ ತಂದರೂ ಅಮ್ಮನ ಮೊದಲ ಪ್ರಶ್ನೆ, "ಹುಡುಗನ ಅಪ್ಪ ಇದ್ದಾರಾ?" ಇದ್ದಾರೆ ಎಂದರೆ ಅಮ್ಮನ ಮುಖ ಬಾಡುತ್ತಿತ್ತು.

ಕಡೆಗೊಮ್ಮೆ ಕಾರ್ಕಳದ ಜೋಯಿಸರು ಹಳೆಯ ಪಂಚಾಂಗ ತೆಗೆದು ಅಪ್ಪನಿಗೆ ಹೇಳಿದರು: "ದೋಷ ಎಂತ ಉಂಟು ಮಾರಾಯ್ರೆ? ಕ್ಯಾಲೆಂಡರಿನಲ್ಲಿ ಹಾಕುವುದು ಸೂರ್ಯೋದಯದ ನಕ್ಷತ್ರ. ಮಗು ಹುಟ್ಟಿದ್ದು ಸಂಜೆ ಅಲ್ವಾ? ಅಷ್ಟರಲ್ಲಿ ಚಂದ್ರ ಮೂಲಾ ದಾಟಿ ಪೂರ್ವಾಷಾಢಕ್ಕೆ ಬಂದಾಗಿತ್ತು."

ಅಮ್ಮ ಅಲ್ಲೇ ಕಂಬಕ್ಕೊರಗಿ ಕುಳಿತುಬಿಟ್ಟರು.

ಈ ಕ್ಯಾಲೆಂಡರ್ ಅಕ್ಕನ ಮಾವನಿಗೆ. ತೊಂಬತ್ತು ದಾಟಿದೆ, ಅಕ್ಷರ ದೊಡ್ಡದಿರಬೇಕಂತೆ.