ಮಧುಮತಿ ಆರಿಸಿಕೊಂಡ ಸಮುದ್ರ

ಆಳಂದದ ಮಧುಮತಿ ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ. ಆದರೂ ದಿನಾ ಬೆಳಿಗ್ಗೆ, ಕಾಲೇಜಿಗೆ ಪಾಠ ಹೇಳಲು ಹೊರಡುವ ಮುನ್ನ, ಉಪಗ್ರಹ ಅಳೆದ ಕಡಲಗಾಳಿಯ ಕಡತ ಇಳಿಸಿಕೊಂಡು ನೋಡುವಳು. ಅವಳ ಪಿಎಚ್.ಡಿ. ಅದರ ಮೇಲೆಯೇ. ಇಡೀ ಅರಬ್ಬಿ ಸಮುದ್ರ ತೆರೆದರೆ ಹಳೆಯ ಲ್ಯಾಪ್‌ಟಾಪ್ ಮುಗ್ಗರಿಸುತ್ತಿತ್ತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ! ಕೋಡಿನಲ್ಲಿ ಎರಡು ಸಾಲು ಬರೆದಳು: ಅಕ್ಷಾಂಶ ಹದಿನಾರರಿಂದ ಹದಿನೆಂಟು, ರೇಖಾಂಶ ಎಪ್ಪತ್ತೊಂದರಿಂದ ಎಪ್ಪತ್ತಮೂರು. ಆ ಚೌಕ ಉಳಿಯುತ್ತಿತ್ತು, ಮಿಕ್ಕ ಸಮುದ್ರವೆಲ್ಲ ಹೊರಗೆ.

ಅದು ರತ್ನಾಗಿರಿಯ ಎದುರಿನ ಸಮುದ್ರ. ತಮ್ಮ ಪ್ರಬುದ್ಧ ಅಲ್ಲೇ ಮೀನಿನ ದೋಣಿಯಲ್ಲಿ ಕೂಲಿಗಿದ್ದಾನೆಂದು ಅದನ್ನೇ ಆರಿಸಿಕೊಂಡಿದ್ದಳು. ನಮ್ಮ ಕಡೆ ದುಡಿಯಲು ಹೋದವರನ್ನು ಎಲ್ಲಿದ್ದೀಯೆಂದು ಕೇಳಿ ನೋಡಿ, ಕರೆದೊಯ್ದ ಮುಕಾದಮನ ಊರನ್ನೇ ಹೇಳುತ್ತಾರೆ. ಪಗಾರ ಕೊಡುವವನು ಅವನು. ಅವನು ಒಯ್ದು ಬಿಡುವ ಜಾಗಗಳ ಹೆಸರು ಯಾರಿಗೆ ಬೇಕು? ಪ್ರಬುದ್ಧನ ಮುಕಾದಮ ರತ್ನಾಗಿರಿಯವನು.

ಒಂದು ದಿನ ಬೆಳಿಗ್ಗೆ ತಮ್ಮನ ಫೋನು ಬಂತು.

"ಯಕ್ಕಾ, ಇಲ್ಲಿ ಮಂದಿ ಗಾಳಿ ಏಳ್ತದ ಅನ್ನಾಕತ್ತಾರ. ಮಾಲಕ ನಡೀರಿ ಅಂತಾನ. ನೀ ನೋಡಿ ಹೇಳು. ಬ್ಯಾಡ ಅಂದ್ರ ಜ್ವರ ಬಂದಾವ ಅಂತ ಮಕ್ಕೊಂಡ್ಬಿಡ್ತೇನಿ."

ಮಧುಮತಿ ಚೌಕ ನೋಡಿದಳು. ತುದಿಯಿಂದ ತುದಿಗೆ ತಿಳಿನೀಲಿ.

"ಏನೂ ಇಲ್ಲೋ. ಕಳ್ಳಾಟ ಬಿಟ್ಟು ಕೆಲಸಕ್ಕ ಹೋಗು," ಎಂದು ನಕ್ಕಳು.

ಮೂರನೆಯ ದಿನ ವೇರಾವಳದಿಂದ ಪೊಲೀಸರು ಫೋನು ಮಾಡಿದರು. ಗುಜರಾತಿನ ಊರು, ಮನೆಯಲ್ಲಿ ಯಾರೂ ಆ ಹೆಸರು ಕೇಳಿರಲಿಲ್ಲ. ಮುಕಾದಮ ಆಳುಗಳನ್ನು ಒಯ್ದು ಬಿಟ್ಟದ್ದು ಅಲ್ಲಿಗೆ. ದೋಣಿ ಮುಳುಗಿತ್ತು. ಸಿಕ್ಕ ಹೆಣಗಳಲ್ಲಿ ಒಂದು ಪ್ರಬುದ್ಧನದು.

ಮಣ್ಣು ಮುಗಿದ ಮೇಲೆ ಮಧುಮತಿ ಅಂದಿನ ಕಡತವನ್ನು ಮತ್ತೆ ತೆರೆದು, ಆ ಎರಡು ಸಾಲು ಅಳಿಸಿದಳು. ಲ್ಯಾಪ್‌ಟಾಪ್ ತಡವರಿಸುತ್ತ ಇಡೀ ಸಮುದ್ರ ತೋರಿಸಿತು. ಚೌಕದಾಚೆ, ಉತ್ತರಕ್ಕೆ, ನಾಲ್ಕು ಬೆರಳು ದೂರದಲ್ಲಿ ಬಿರುಗಾಳಿಯ ಕೆಂಪು. ತಮ್ಮ ಕೇಳಿದ ಗಳಿಗೆಯಲ್ಲೂ ಅದು ಅಲ್ಲೇ ಇತ್ತು. ಯಾವ ಊರಿನಿಂದ ಮಾತಾಡುತ್ತಿದ್ದೀ ಎಂದು ಒಂದು ಮಾತು ವಿಚಾರಿಸಬಹುದಿತ್ತು. ಓದಿದವಳೆಂಬ ಸೊಕ್ಕಿಗೆ ಅದು ಹೊಳೆಯಲೇ ಇಲ್ಲ.

ತಾಯಿ ಸಾಬಮ್ಮ ಬಂದು ಪಕ್ಕದಲ್ಲಿ ಕೂತಳು. ಅಂದು ಪ್ರಬುದ್ಧನ ಫೋನು ಬಂದಾಗ ಅವಳು ತೊಗರಿ ಕೊಯ್ಯಲು ಹೋಗಿದ್ದಳು. ಮಗ ಪ್ರತಿ ಸಲ ಅಕ್ಕನನ್ನು ಕೇಳಿಯೇ ಕಡಲಿಗಿಳಿಯುತ್ತಾನೆಂಬುದಷ್ಟೇ ಅವಳಿಗೆ ಗೊತ್ತು.

"ನೀ ಬ್ಯಾಡಂತನೇ ಅಂದಿರ್ತೀ ಬೇ," ಎಂದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅಂವನೇ ಕೇಳಿರಂಗಿಲ್ಲ. ಸಣ್ಣಾಂವ ಇದ್ದಾಗಿಂದ ಹಂಗೇ ಅದಾನ."

"ಹೌದು ಯವ್ವಾ," ಎಂದಳು ಮಧುಮತಿ. "ಕೇಳ್ಲಿಲ್ಲ ಅಂವ."